ಫಿಂಚ್ ಹಕ್ಕಿಗಳಿಗೆ ಹಿತ್ತಿಲಲ್ಲೇ ಹಸಿ ತೆನೆ

ಓದುಗರ ಪ್ರಶ್ನೆ: ಚಿಕ್ಕಮಗಳೂರು ನಗರದಲ್ಲಿರುವ ನಾವು ಮೂರು ಜೊತೆ ಜೀಬ್ರಾ ಫಿಂಚ್ ಮತ್ತು ಒಂದು ಜೊತೆ ಬೆಂಗಾಲಿ ಫಿಂಚ್ ಸಾಕಿದ್ದೇವೆ. ಅಂಗಡಿಯ ಒಣ ಕಾಳನ್ನಷ್ಟೇ ಹಾಕುತ್ತಿದ್ದೇವೆ. ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುತ್ತವೆ, ಆದರೆ ಮರಿಗಳು ಎರಡನೆಯ ವಾರದಲ್ಲಿ ಸೊರಗಿ ಸಾಯುತ್ತಿವೆ. ಹುಲ್ಲಿನ ಹಸಿ ತೆನೆ ಕೊಟ್ಟರೆ ಒಳ್ಳೆಯದೆಂದು ಕೇಳಿದ್ದೇನೆ. ಹಿತ್ತಿಲಲ್ಲಿ ಹತ್ತು ಅಡಿಗೆ ಎಂಟು ಅಡಿ ಜಾಗವಿದೆ. ಅಲ್ಲಿ ಯಾವ ಹುಲ್ಲನ್ನು, ಯಾವಾಗ ಬಿತ್ತಬೇಕು? ಸಂಬಂಧಿಕರ ಕಾಫಿ ತೋಟದ ಹುಲ್ಲನ್ನೂ ಕಡೂರು ಬಳಿಯ ನಮ್ಮ ಹೊಲದ ರಾಗಿ ತೆನೆಯನ್ನೂ ತಂದು ಹಾಕಬಹುದೇ?

ಉತ್ತರ: ಖಂಡಿತ ಬೆಳೆಯಬಹುದು, ಎಂಟು ಹಕ್ಕಿಗಳಿಗೆ ನಿಮ್ಮಲ್ಲಿರುವ ಜಾಗವೂ ಸಾಕು. ಆದರೆ ಯಾವ ಹುಲ್ಲು ಎಂಬ ಪ್ರಶ್ನೆಗಿಂತ, ಆ ಹುಲ್ಲಿನ ತೆನೆಯನ್ನು ಯಾವ ಹದದಲ್ಲಿ ಕೊಯ್ದು, ಯಾವ ಕಾಲದಲ್ಲಿ ಹಕ್ಕಿಗಳಿಗೆ ಕೊಡುತ್ತೀರಿ ಎಂಬ ಪ್ರಶ್ನೆಯೇ ಇಲ್ಲಿ ದೊಡ್ಡದು. ಪೂರ್ತಿ ಬಲಿತು ಒಣಗಿದ ನವಣೆಯನ್ನು ಬೆಳೆಯಲು ನೀವು ಶ್ರಮಪಡಬೇಕಾಗಿಲ್ಲ, ಅದು ಅಂಗಡಿಯಲ್ಲೇ ಸಿಗುತ್ತದೆ. ಎಷ್ಟು ಹಣ ಕೊಟ್ಟರೂ ಅಂಗಡಿಯಲ್ಲಿ ಸಿಗದಿರುವುದು ಹಾಲುಗಾಳು, ಅಂದರೆ ಒತ್ತಿದರೆ ಹಾಲು ಬರುವ ಎಳೆಗಾಳು, ತುಂಬಿದ ತಾಜಾ ತೆನೆ. ಹಿತ್ತಿಲನ್ನು ಅದಕ್ಕೆಂದೇ ಮೀಸಲಿಡಿ.

ಇದರ ಕಾರಣ ಈ ಹಕ್ಕಿಗಳ ಮೂಲದಲ್ಲಿದೆ. ಜೀಬ್ರಾ ಫಿಂಚ್ ಆಸ್ಟ್ರೇಲಿಯದ ಒಣ ಬಯಲಿನ ಹಕ್ಕಿ. ಅಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿ, ತೆನೆಯಲ್ಲಿ ಕಾಳು ಕಟ್ಟುವ ಕಾಲಕ್ಕೆ ಸರಿಯಾಗಿ ಅದು ಮರಿ ಮಾಡುತ್ತದೆ. ಬಹಳಷ್ಟು ಚಿಕ್ಕ ಹಕ್ಕಿಗಳು ಮರಿಗಳಿಗೆ ಹುಳುಹುಪ್ಪಟೆಗಳನ್ನು ತಿನ್ನಿಸಿದರೆ, ಜೀಬ್ರಾ ಫಿಂಚ್ ಮುಖ್ಯವಾಗಿ ಹುಲ್ಲಿನ ಬೀಜವನ್ನೇ ತನ್ನ ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದು ಗುಟುಕು ಕೊಡುತ್ತದೆ. ಬೆಂಗಾಲಿ ಫಿಂಚ್ ಕೂಡ ಹುಲ್ಲುಬೀಜದ ಹಕ್ಕಿಯೇ, ನಮ್ಮ ರಾಟವಾಳಗಳ (ಮುನಿಯಾ ಹಕ್ಕಿಗಳ) ಬಳಗದಿಂದ ಪಳಗಿ ಬಂದ ತಳಿ. ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ ಹತ್ತು ಹನ್ನೆರಡರಷ್ಟು ಮಾತ್ರ ಇರುತ್ತದೆ, ಹಾಲುಗಾಳಿನಲ್ಲಾದರೆ ಅರ್ಧಕ್ಕೂ ಹೆಚ್ಚು ನೀರೇ. ಹೊಟ್ಟು ಮೆತ್ತಗಿರುವುದರಿಂದ ತಾಯಿ ತಂದೆ ಹಕ್ಕಿಗಳು ಕಾಳನ್ನು ಬೇಗ ಸುಲಿಯಬಲ್ಲವು, ಮರಿಗೂ ಅದು ಸುಲಭವಾಗಿ ಜೀರ್ಣವಾಗುತ್ತದೆ. ನಮ್ಮ ಕಡೆ ಎಳೆಯ ರಾಗಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲ ಮತ್ತು ಕಾಯಿತುರಿ ಬೆರೆಸಿ ತಿಂದವರಿಗೆ ಬಲಿತ ಕಾಳಿಗೂ ಎಳೆಗಾಳಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಕ್ಕಿಗೂ ಅದೇ ವ್ಯತ್ಯಾಸ.

ಮರಿಗಳು ಸಾಯುತ್ತಿರುವ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಒಣ ಕಾಳು ಒಂದನ್ನೇ ಉಣ್ಣುವ ಜೋಡಿಗಳಲ್ಲಿ ಮರಿಗಳು ಎರಡನೆಯ ವಾರದಲ್ಲಿ ಸೊರಗುವುದು ಸಾಮಾನ್ಯವೇ ಆದರೂ, ಚಳಿ, ಪಂಜರದ ಬಳಿ ಗಲಾಟೆ, ಹುಳದ ಬಾಧೆ, ಸೋಂಕು ಇವೂ ಕಾರಣವಾಗಿರಬಹುದು. ಸಂಜೆ ಬೆಳಕು ಆರುವ ಮುನ್ನ ಗೂಡಿನೊಳಗೆ ಒಮ್ಮೆ ನೋಡಿ. ಪುಕ್ಕ ಮೂಡದ ಮರಿಯ ಕತ್ತಿನ ಬಲಬದಿಯಲ್ಲಿ, ತೆಳುವಾದ ಚರ್ಮದ ಮೂಲಕ, ತಿಂದ ಕಾಳುಗಳು ಬೆಳ್ಳಗೆ ಗುಪ್ಪೆಯಾಗಿ ಹೊರಗಿನಿಂದಲೇ ಕಾಣುತ್ತವೆ. ಆ ಗಂಟಲ ಚೀಲ ಸಂಜೆಗೆ ತುಂಬಿರದಿದ್ದರೆ ಗುಟುಕು ಸಾಲುತ್ತಿಲ್ಲವೆಂದು ಅರ್ಥ, ಅದಕ್ಕೆ ಹಸಿ ತೆನೆ ಮತ್ತು ಬೇಯಿಸಿದ ಮೊಟ್ಟೆ ನೆರವಾಗುತ್ತವೆ. ಚೀಲ ತುಂಬಿದ್ದರೂ ಮರಿ ಸಾಯುತ್ತಿದ್ದರೆ ಅದು ಗುಟುಕು ಸಾಲದ ಸಮಸ್ಯೆಯಲ್ಲ. ಸತ್ತ ಮರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಕಾರಣವನ್ನು ಪತ್ತೆಹಚ್ಚಿಸಿ.

ಇನ್ನು ಬೆಳೆಯ ಆಯ್ಕೆ. ನಿಮ್ಮ ಹಿತ್ತಿಲಿಗೆ ಮೊದಲನೆಯ ಬೆಳೆ ನವಣೆ, ಎರಡನೆಯದು ಬರಗು. ನವಣೆಯ ತೆನೆ ಒತ್ತಾಗಿ ಕಾಳು ಕಟ್ಟುತ್ತದೆ, ಹಕ್ಕಿ ಅದರ ಮೇಲೆಯೇ ಕುಳಿತು ಬಿಡಿಸಿ ತಿನ್ನಬಲ್ಲದು, ಕಾಳು ಸುಲಭವಾಗಿ ಉದುರುವುದಿಲ್ಲ. ಬರಗು ನವಣೆಗಿಂತ ಒಂದೆರಡು ವಾರ ಮುಂಚೆಯೇ ಬರುವ ಬೆಳೆ, ಕಾಳು ಸ್ವಲ್ಪ ದಪ್ಪ, ತೆನೆ ಬಿಡಿಬಿಡಿಯಾಗಿ ಜೋತು ಬೀಳುತ್ತದೆ. ಸಾಮೆ ಮತ್ತು ಕೊರಲೆ ಸಿಕ್ಕರೆ ಅವನ್ನೂ ಒಂದು ಸಾಲು ಹಾಕಬಹುದು, ಅವುಗಳ ಸಣ್ಣ ಕಾಳು ಫಿಂಚಿನ ಕೊಕ್ಕಿಗೆ ಚೆನ್ನಾಗಿ ಹೊಂದುತ್ತದೆ. ಸಜ್ಜೆ ಬೆಳೆಯಲು ಹೋಗಬೇಡಿ. ಗಿಡ ಆಳೆತ್ತರ ಹೋಗುತ್ತದೆ, ಜಾಗವನ್ನು ನುಂಗುತ್ತದೆ, ಹೂವಾಡುವಾಗ ಮಳೆ ಬಿದ್ದರೆ ತೆನೆಯಿಂದ ಜೇನಿನಂಥ ಅಂಟು ಒಸರುವ ಅರ್ಗಟ್ ರೋಗವೂ ಬರುತ್ತದೆ. ಆ ರೋಗದ ಕಪ್ಪು ಗಟ್ಟಿಗಳು ವಿಷ.

ಬಹುವಾರ್ಷಿಕ ಹುಲ್ಲುಗಳಲ್ಲಿ ನಾನು ಒತ್ತಿ ಹೇಳುವುದು ಗಿನಿ ಹುಲ್ಲನ್ನು. ಹೈನುಗಾರಿಕೆ ಮಾಡುವವರಲ್ಲಿ ಇದರ ಬುಡ ಸಿಗುತ್ತದೆ, ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ, ಕೊಯ್ದಷ್ಟೂ ಮತ್ತೆ ತೆನೆ ಬಿಡುತ್ತದೆ. ಆದರೆ ಇದರ ಕಾಳು ಒಂದೇ ಸಮನೆ ಬಲಿಯುವುದಿಲ್ಲ, ಬಲಿತದ್ದು ಬಲಿತಂತೆ ಉದುರಿಹೋಗುತ್ತದೆ. ತೆನೆಯನ್ನು ಬುಡದಿಂದ ತುದಿಯವರೆಗೆ ಬೆರಳ ಸಂದಿಯಲ್ಲಿ ಮೆಲ್ಲಗೆ ಎಳೆದಾಗ ತುದಿಯ ನಾಲ್ಕಾರು ಕಾಳು ಮಾತ್ರ ಕೈಗೆ ಬಂದರೆ ಅದೇ ಕೊಯ್ಯುವ ಹದ. ಬೊಗಸೆ ತುಂಬ ಬಂದರೆ ಹದ ಮೀರಿದೆ, ಏನೂ ಬಾರದಿದ್ದರೆ ಇನ್ನೆರಡು ಮೂರು ದಿನ ಕಾಯಬೇಕು. ಇದು ಬೀಜದಿಂದ ಬೇಗ ಹಬ್ಬಿ ಕಳೆಯಾಗುವ ಹುಲ್ಲಾದ್ದರಿಂದ ದೊಡ್ಡ ಕುಂಡದಲ್ಲಿಯೇ ನೆಡಿ, ತೆನೆಯನ್ನು ಪೂರ್ತಿ ಬಲಿಯಲು ಬಿಡಬೇಡಿ. ಕಾಫಿ ತೋಟದವರಿಗೆ ಇದರ ಬುಡವನ್ನು ದಾನ ಮಾಡುವುದೂ ಬೇಡ. ಮೇವಿನ ಹೈಬ್ರಿಡ್ ನೇಪಿಯರ್ ಹುಲ್ಲು ಮನೆಯಲ್ಲಿದ್ದರೆ ಅದು ಈ ಕೆಲಸಕ್ಕೆ ಬಾರದು. ಸಜ್ಜೆಗೂ ನೇಪಿಯರಿಗೂ ಮಾಡಿದ ಸಂಕರವಾದ ಅದು ತೆನೆ ತೋರಿದರೂ ಕಾಳು ಕಟ್ಟುವುದಿಲ್ಲ.

ಬಿತ್ತುವ ಬೀಜವನ್ನು ಆರಿಸುವಾಗ ಎರಡು ಕಡೆ ಜಾಗ್ರತೆ ಬೇಕು. ಸಿರಿಧಾನ್ಯದ ಅಂಗಡಿಯಲ್ಲಿ ನವಣೆ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ನವಣೆ ಅಕ್ಕಿಯನ್ನು. ಹೊಟ್ಟು ತೆಗೆದ ಆ ಕಾಳು ಬಹುತೇಕ ಮೊಳೆಯುವುದಿಲ್ಲ, ಹೊಟ್ಟು ಸಹಿತವಾದ ಕಾಳನ್ನೇ ಕೇಳಿ ಪಡೆಯಬೇಕು. ಇನ್ನೊಂದು ಕಡೆ, ರೈತರಿಗೆಂದು ಪ್ಯಾಕೆಟ್ಟಿನಲ್ಲಿ ಮಾರುವ ಬಿತ್ತನೆ ಬೀಜಕ್ಕೆ ಬಹಳ ಸಲ ಶಿಲೀಂಧ್ರನಾಶಕವನ್ನು ಲೇಪಿಸಿ, ಗುರುತಿಗಾಗಿ ಗುಲಾಬಿ ಅಥವಾ ಹಸಿರು ಬಣ್ಣ ಹಾಕಿರುತ್ತಾರೆ. ಅದರಲ್ಲಿ ಒಂದು ಚಿಟಿಕೆ ಪಂಜರದ ಬಟ್ಟಲಿಗೆ ಬಿದ್ದರೂ ಹತ್ತು ಹನ್ನೆರಡು ಗ್ರಾಂ ತೂಗುವ ಹಕ್ಕಿಗೆ ಅಪಾಯ, ಆದ್ದರಿಂದ ಅಂಥ ಬೀಜವನ್ನು ಮನೆಗೇ ತರಬೇಡಿ. ನೀವು ಈಗ ಹಾಕುತ್ತಿರುವ ಹಕ್ಕಿಕಾಳಿನಲ್ಲೇ ಹೊಟ್ಟು ಸಹಿತ ನವಣೆ ಮತ್ತು ಬರಗು ಇದ್ದರೆ ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೈದು ದಿನದಲ್ಲಿ ಎಂಬತ್ತಕ್ಕೆ ಕಡಿಮೆಯಿಲ್ಲದಂತೆ ಮೊಳೆತರೆ ಅದನ್ನೇ ಬಿತ್ತಬಹುದು. ಅರ್ಧವೂ ಮೊಳೆಯದಿದ್ದರೆ ಆ ಕಾಳು ಹಳೆಯದು, ಹಕ್ಕಿಗೂ ಅದು ಒಳ್ಳೆಯ ಆಹಾರವಲ್ಲ.

ಹತ್ತು ಅಡಿಗೆ ಎಂಟು ಅಡಿಯ ಜಾಗವನ್ನು ಆರು ಮಡಿಗಳಾಗಿ ಮಾಡಿಕೊಳ್ಳಿ. ಓಡಾಡಲು ಬಿಟ್ಟ ಜಾಗ ಕಳೆದರೆ ಒಂದೊಂದು ಮಡಿ ಸುಮಾರು ಒಂದು ಚದರ ಮೀಟರ್ ಉಳಿಯುತ್ತದೆ. ಎರಡು ವಾರಕ್ಕೆ ಒಂದು ಮಡಿಯಂತೆ ಬಿತ್ತುತ್ತ ಹೋದರೆ ಹನ್ನೆರಡು ವಾರಕ್ಕೆ ಒಂದು ಸುತ್ತು ಮುಗಿದು, ಮೊದಲನೆಯ ಮಡಿ ಮತ್ತೆ ಬಿತ್ತನೆಗೆ ಬಿಡುವಾಗಿರುತ್ತದೆ. ನವಣೆ ಬಿತ್ತಿದ ನಲವತ್ತೈದರಿಂದ ಐವತ್ತೈದು ದಿನದಲ್ಲಿ ಹೊಡೆ ಒಡೆದು ತೆನೆ ತೋರುತ್ತದೆ, ಅಲ್ಲಿಂದ ಎರಡು ಮೂರು ವಾರಕ್ಕೆ ನಮಗೆ ಬೇಕಾದ ಹದಕ್ಕೆ ಬರುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಊರಾದ್ದರಿಂದ ಡಿಸೆಂಬರ್, ಜನವರಿಯ ಚಳಿಯಲ್ಲಿ ಇದು ಇನ್ನೊಂದು ವಾರ, ಹತ್ತು ದಿನ ಹಿಂದೆ ಬೀಳಬಹುದು. ಹೊಲದಲ್ಲಿ ನವಣೆಯ ಸಾಲುಗಳ ನಡುವೆ ಒಂದು ಅಡಿಯಷ್ಟು ಅಂತರ ಬಿಡುತ್ತಾರೆ, ನಮಗೆ ದೊಡ್ಡ ತೆನೆಗಿಂತ ಹೆಚ್ಚು ತೆನೆ ಬೇಕಾಗಿರುವುದರಿಂದ ಅಡ್ಡಡ್ಡ ಉದ್ದುದ್ದ ನಾಲ್ಕು ಬೆರಳಿನ ಅಂತರ ಸಾಕು. ಬೆರಳಿನ ಒಂದು ಗೆಣ್ಣಿನಷ್ಟು ಆಳದಲ್ಲಿ ಬಿತ್ತಿ, ಮೇಲೆ ಪುಡಿಮಣ್ಣು ಉದುರಿಸಿ. ಹೀಗೆ ಬೆಳೆದರೆ ಒಂದು ಮಡಿಯಲ್ಲಿ ನೂರಕ್ಕಿಂತ ಹೆಚ್ಚು ಗಿಡ ನಿಲ್ಲುತ್ತದೆ. ಸುಳಿ ನೊಣಕ್ಕೂ ಇಲಿಗೂ ಸ್ವಲ್ಪ ಹೋದರೂ ದಿನಕ್ಕೆ ಐದಾರು ತೆನೆ ಕೈಗೆ ಸಿಗುತ್ತವೆ, ನಿಮ್ಮ ನಾಲ್ಕು ಜೋಡಿಗಳಿಗೆ ಅಷ್ಟು ಧಾರಾಳ.

ಗೊಬ್ಬರಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದೇ ಸಾಕು. ಕೋಳಿ ಗೊಬ್ಬರವನ್ನು ಹಕ್ಕಿಯ ಮೇವಿನ ಮಡಿಗೆ ಹಾಕಬೇಡಿ, ಅದರಿಂದ ಸೋಂಕು ಬರುವ ದಾರಿ ತೆರೆದುಕೊಳ್ಳುತ್ತದೆ. ಯೂರಿಯ ಹೆಚ್ಚಾದರೆ ಗಿಡ ಕೊಬ್ಬಿ, ತೆನೆ ತೂಗುವ ಹೊತ್ತಿಗೆ ನೆಲಕ್ಕೆ ಒರಗುತ್ತದೆ. ಔಷಧಿ ಸಿಂಪಡಣೆ ಯಾವ ಕಾರಣಕ್ಕೂ ಬೇಡ. ಸುಳಿ ಒಣಗಿದ ಗಿಡವನ್ನು ಕಿತ್ತು ಆ ಜಾಗದಲ್ಲಿ ಮತ್ತೆರಡು ಕಾಳು ಹಾಕಿ.

ಕೊಯ್ಯುವ ಹದವನ್ನು ಕಣ್ಣಿನಿಂದ ಗುರುತಿಸುವುದಕ್ಕಿಂತ ಉಗುರಿನಿಂದ ಗುರುತಿಸುವುದು ಮೇಲು. ತೆನೆಯ ನಡುಭಾಗದಿಂದ ಒಂದು ಕಾಳನ್ನು ಬಿಡಿಸಿ ಹೆಬ್ಬೆರಳಿನ ಉಗುರಿನಿಂದ ಒತ್ತಿ. ಬರೀ ತಿಳಿನೀರು ಬಂದರೆ ಅಥವಾ ಏನೂ ಬರದಿದ್ದರೆ ಕಾಳು ಇನ್ನೂ ಜೊಳ್ಳು. ಬಿಳಿಯ ಹಾಲು ಚಿಮ್ಮಿದರೆ ಕಾಲ ಬಂದಿದೆ. ಹಾಲು ಗಟ್ಟಿಯಾಗಿ ಮೆತ್ತನೆಯ ಹಿಟ್ಟಿನ ಮುದ್ದೆಯಂತೆ ಹೊರಬಂದರೆ ಅದೇ ಅತ್ಯುತ್ತಮ ಹದ. ಉಗುರಿಗೆ ಜಗ್ಗದಿದ್ದರೆ ಅದು ಅಂಗಡಿಯ ಕಾಳಿನ ಸಮಕ್ಕೆ ಬಂದಂತೆ. ನವಣೆಯ ತೆನೆ ತುದಿಯಿಂದ ಕೆಳಕ್ಕೆ ಹೂವಾಡುತ್ತ ಬರುವುದರಿಂದ ತುದಿಯಲ್ಲಿ ಹಿಟ್ಟು ಕಟ್ಟಿದಾಗ ಬುಡದಲ್ಲಿ ಇನ್ನೂ ಹಾಲಿರುತ್ತದೆ. ಅಂಥ ತೆನೆಯನ್ನೇ ಆರಿಸಿ, ಒಂದು ಗೇಣು ಕಾಂಡ ಉಳಿಯುವಂತೆ ಕತ್ತರಿಸಿ. ಈ ಹದ ಒಂದು ತೆನೆಯಲ್ಲಿ ಹೆಚ್ಚೆಂದರೆ ಒಂದು ವಾರ ನಿಲ್ಲುತ್ತದೆ. ಬುಡದಿಂದ ಒಡೆದ ತೆಂಡೆಗಳ ತೆನೆ ಮುಖ್ಯ ತೆನೆಗಿಂತ ತಡವಾಗಿ ಬರುವುದರಿಂದ ಎರಡು ವಾರದ ಅಂತರವನ್ನು ಅವು ತುಂಬಿಕೊಡುತ್ತವೆ.

ಹಸಿ ತೆನೆ ಕೊಯ್ಲಿಗೆ ಬಂದಾಗ ಊರಿನ ರಾಟವಾಳಗಳೂ ಗುಬ್ಬಿಗಳೂ ನಿಮಗಿಂತ ಮೊದಲೇ ಬಂದಿರುತ್ತವೆ. ಬಿದಿರಿನ ಚೌಕಟ್ಟಿಗೆ ಹಳೆಯ ಸೊಳ್ಳೆಪರದೆಯನ್ನು ಬಿಗಿಯಾಗಿ ಹೊದಿಸಿ. ತೆಳು ನೈಲಾನ್ ಬಲೆಯನ್ನು ಸಡಿಲವಾಗಿ ಹರಡಬೇಡಿ, ಅದರಲ್ಲಿ ಹಕ್ಕಿಗಳೂ ಹಾವುಗಳೂ ಸಿಕ್ಕಿ ಸಾಯುತ್ತವೆ. ಪರದೆ ಬೇಕಾಗಿರುವುದು ಬೆಳೆ ಉಳಿಸಿಕೊಳ್ಳಲು ಮಾತ್ರವಲ್ಲ, ಕಾಡುಹಕ್ಕಿಗಳ ಹಿಕ್ಕೆ ಬಿದ್ದ ತೆನೆಯಿಂದ ಪಂಜರದ ಹಕ್ಕಿಗಳಿಗೆ ಸೋಂಕು ತಗುಲದಿರಲೂ ಅದು ಬೇಕು. ಹೀಗೆ ಬರುವ ರಾಟವಾಳಗಳನ್ನು ಹಿಡಿದು ಫಿಂಚಿನ ಜೊತೆ ಬಿಡುವ ಆಸೆ ಮನೆಯ ಮಕ್ಕಳಿಗೆ ಹುಟ್ಟಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ರಾಟವಾಳಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ ಎಂಬುದನ್ನು ಅವರಿಗೆ ತಿಳಿಸಿ.

ಮಳೆಗಾಲವೇ ನಮ್ಮ ಭಾಗದಲ್ಲಿ ನಿಜವಾದ ತೊಡಕು. ತೆನೆ ಹಾಲುಗಾಳಿನಲ್ಲಿರುವಾಗ ದಿನಗಟ್ಟಲೆ ನೆಂದರೆ ಅದರೊಳಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಕಣ್ಣಿಗೆ ಕಾಣುವಂಥದ್ದಲ್ಲ. ಮಧ್ಯಪ್ರದೇಶದ ಬಾಂಧವಗಢ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ ಹತ್ತು ಆನೆಗಳು ಹಾರಕವೆಂಬ ಸಿರಿಧಾನ್ಯದ ಬೆಳೆಯನ್ನು ಮೇದು ಸತ್ತವು, ಪರೀಕ್ಷೆಯಲ್ಲಿ ಅವುಗಳ ದೇಹದಲ್ಲಿ ಸೈಕ್ಲೋಪಿಯಾಜೋನಿಕ್ ಆಮ್ಲವೆಂಬ ಶಿಲೀಂಧ್ರದ ವಿಷ ಪತ್ತೆಯಾಯಿತು. ಆನೆಯನ್ನೇ ಕೆಡವಿದ ವಿಷದ ಮುಂದೆ ಫಿಂಚ್ ಎಷ್ಟರದು? ಆದ್ದರಿಂದ ಹಾರಕವನ್ನು ನಾನು ಈ ಕೆಲಸಕ್ಕೆ ಶಿಫಾರಸು ಮಾಡುವುದೇ ಇಲ್ಲ. ಉಳಿದ ಬೆಳೆಗಳನ್ನೂ ಮುಂಗಾರಿನ ಜಡಿಮಳೆಯಲ್ಲಿ ತೆನೆ ತೋರದಂತೆ ಬಿತ್ತಬೇಕು. ಆಗಸ್ಟ್ ನಡುವಿನಲ್ಲಿ, ಮಖೆ ಮಳೆಯ ಹೊತ್ತಿಗೆ ಮೊದಲನೆಯ ಮಡಿ ಬಿತ್ತಿದರೆ ತೆನೆ ಹದಕ್ಕೆ ಬರುವುದು ಅಕ್ಟೋಬರ್ ನಡುವಿನ ಚಿತ್ತೆ ಮಳೆಯಲ್ಲಿ. ಆಗ ಮಳೆ ಇದ್ದರೂ ನಡುನಡುವೆ ಬಿಸಿಲು ಕಾಣುತ್ತದೆ. ಏಪ್ರಿಲ್ ಆರಂಭದ ಬಿತ್ತನೆಯೇ ಕೊನೆಯದಾಗಲಿ, ಅದರ ತೆನೆ ಮುಂಗಾರು ಬಲಿಯುವ ಮುನ್ನ ಕೈಗೆ ಬಂದುಬಿಡುತ್ತದೆ. ಮೂಡಿಗೆರೆ, ಸಕಲೇಶಪುರದಂಥ ಹೆಚ್ಚು ಮಳೆಯ ಕಡೆ ಇರುವವರು ಬಿತ್ತನೆಯನ್ನು ಇನ್ನೊಂದು ತಿಂಗಳು ಮುಂದೂಡುವುದೇ ಕ್ಷೇಮ. ಅರಸೀಕೆರೆ, ಕಡೂರಿನ ಬಯಲಿನವರಿಗೆ ಈ ಚಿಂತೆ ಅಷ್ಟಿಲ್ಲ.

ತೆನೆಯಿಲ್ಲದ ತಿಂಗಳುಗಳಿಗೆ ಫ್ರೀಜರ್ ನೆರವಾಗುತ್ತದೆ. ಹದವಾದ ತೆನೆಗಳನ್ನು ಕೊಯ್ದ ದಿನವೇ, ಮೇಲಿನ ನೀರು ಆರಿದ ಮೇಲೆ, ಒಂದು ದಿನಕ್ಕೆ ಬೇಕಾಗುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಗಾಳಿ ಹೊರತಳ್ಳಿ ಫ್ರೀಜರಿನಲ್ಲಿಡಿ. ಬೇಕಾದ ದಿನ ಒಂದು ಚೀಲವನ್ನು ಹೊರತೆಗೆದು, ತಣ್ಣಗಿರುವುದು ಪೂರ್ತಿ ಹೋದ ಮೇಲೆ ಕೊಡಿ. ಒಮ್ಮೆ ಕರಗಿದ್ದನ್ನು ಮತ್ತೆ ಒಳಗಿಡಬಾರದು. ಜೂನ್, ಜುಲೈನಲ್ಲಿ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಹೋಗುವುದುಂಟು. ಹಾಗೆ ಹೋಗಿ ಚೀಲದೊಳಗಿನ ತೆನೆ ಮೆತ್ತಗಾಗಿದ್ದರೆ ಎಷ್ಟೇ ಇರಲಿ ಗೊಬ್ಬರದ ಗುಂಡಿಗೆ ಹಾಕಿಬಿಡಿ.

ಹಸಿ ತೆನೆಯನ್ನು ಮೊದಲ ವಾರ ಜೋಡಿಗೆ ಒಂದರಂತೆ ಕೊಟ್ಟು ಹಿಕ್ಕೆ ಗಮನಿಸಿ, ಆಮೇಲೆ ಹೆಚ್ಚಿಸಿ. ಕೂರುವ ಕಡ್ಡಿಯ ಪಕ್ಕದಲ್ಲಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಸಾಕು, ತಳದಲ್ಲಿ ಹಾಕಿದರೆ ಹಿಕ್ಕೆಯಲ್ಲಿ ಹೊರಳುತ್ತದೆ. ಬೆಳಗ್ಗೆ ಕೊಟ್ಟದ್ದನ್ನು ಸಂಜೆಗೆ, ಮಳೆಯ ದಿನಗಳಲ್ಲಿ ಮಧ್ಯಾಹ್ನಕ್ಕೇ ತೆಗೆದುಬಿಡಿ. ಒಣ ಕಾಳಿನ ಬಟ್ಟಲು ಎಂದಿನಂತೆ ಇರಲಿ. ಫಿಂಚ್ ಕಾಳನ್ನು ಸುಲಿದು ಹೊಟ್ಟನ್ನು ಅದೇ ಬಟ್ಟಲಿಗೆ ಬಿಡುವುದರಿಂದ ಖಾಲಿ ಬಟ್ಟಲೂ ತುಂಬಿದಂತೆ ಕಾಣುತ್ತದೆ, ದಿನವೂ ಹೊಟ್ಟನ್ನು ಊದಿ ನೋಡಿ.

ಇದಕ್ಕಿಂತ ಮುಖ್ಯವಾದದ್ದು ತೆನೆಯನ್ನು ನಿಲ್ಲಿಸುವ ಕಾಲ. ಹಸಿ ತೆನೆ ಕಂಡರೆ ಜೀಬ್ರಾ ಫಿಂಚಿನ ದೇಹ ಮಳೆ ಬಂದಿದೆ, ಮರಿ ಮಾಡಬಹುದು ಎಂದು ತಿಳಿಯುತ್ತದೆ. ವರ್ಷವಿಡೀ ಕೊಟ್ಟರೆ ಅದು ವರ್ಷವಿಡೀ ಮೊಟ್ಟೆಯಿಡುತ್ತ ಹೋಗಿ ಹೆಣ್ಣುಹಕ್ಕಿ ಬಸವಳಿಯುತ್ತದೆ, ಸುಣ್ಣದ ಅಂಶ ಬರಿದಾಗಿ ಮೊಟ್ಟೆ ಒಳಗೇ ಸಿಕ್ಕಿ ಸಾಯುವುದೂ ಉಂಟು. ಮೊಟ್ಟೆಯೊಡೆಯುವ ಒಂದು ವಾರ ಮೊದಲಿನಿಂದ ಮರಿಗಳು ತಾವೇ ಕಾಳು ಒಡೆಯಲು ಕಲಿಯುವ ಐದನೆಯ ವಾರದವರೆಗೆ ದಿನವೂ ಕೊಡಿ. ಎರಡು ಸಲ ಮರಿ ಎಬ್ಬಿಸಿದ ಮೇಲೆ ಗೂಡನ್ನು ತೆಗೆದು, ಹಸಿ ತೆನೆಯನ್ನು ವಾರಕ್ಕೊಂದು ಸಲಕ್ಕೆ ಇಳಿಸಿ, ಒಣ ಕಾಳು ಮತ್ತು ಸೊಪ್ಪಿನಲ್ಲಿ ಕೆಲವು ತಿಂಗಳು ವಿಶ್ರಾಂತಿ ಕೊಡಿ. ಕಟಲ್‌ಬೋನ್ (ಕಟಲ್ ಮೀನೆಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ಅಥವಾ ಬೇಯಿಸಿ ಪುಡಿಮಾಡಿದ ಮೊಟ್ಟೆಯ ಚಿಪ್ಪು ಮಾತ್ರ ಎಲ್ಲ ಕಾಲದಲ್ಲೂ ಪಂಜರದಲ್ಲಿರಬೇಕು.

ಕಾಫಿ ತೋಟದ ಹುಲ್ಲಿನ ವಿಷಯದಲ್ಲಿ ನನ್ನ ಸಲಹೆ ಬೇಡ ಎಂದೇ. ಮಳೆಗಾಲದ ಮುಂಚೆ ಮತ್ತು ನಡುವೆ ಕಾಫಿಗೂ ಅಡಿಕೆಗೂ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ, ಕಾಂಡಕೊರಕಕ್ಕೆ ಬಳಿಯುವ ಕೀಟನಾಶಕ, ಕಳೆನಾಶಕ, ಇವೆಲ್ಲ ಕೆಳಗಿನ ಹುಲ್ಲಿನ ಮೇಲೆ ಬೀಳುತ್ತವೆ. ಯಾವ ಸಾಲಿಗೆ ಯಾವಾಗ ಹೊಡೆದರೆಂದು ತೋಟದವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ಹಾಸನದ ಕಡೆಯ ಆಲೂಗಡ್ಡೆ ಹೊಲದ ಬದುವಿನ ಹುಲ್ಲಿಗೂ ಇದೇ ಮಾತು, ಅಂಗಮಾರಿಗೆಂದು ಅಲ್ಲಿ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ರಸ್ತೆ ಬದಿಯ ಹುಲ್ಲೂ ಬೇಡ. ಔಷಧಿ ತಾಗದ ಜಾಗವೆಂದು ಖಾತ್ರಿಯಿರುವ ಕಡೆಯಿಂದ ಗರಿಕೆಯ ತೆನೆಯನ್ನೋ ಗದ್ದೆ ಬದುವಿನ ಕಾಡು ಊದಲನ್ನೋ ತಂದರೆ, ನಡುವೆ ಕಾಂಗ್ರೆಸ್ ಗಿಡದ ಎಲೆ ಹೂ ಬೆರೆಯದಂತೆ ಆರಿಸಿ. ನವಣೆಯಂತೆಯೇ ಕಾಣುವ ಒಂದು ಕಾಡುಹುಲ್ಲಿದೆ. ಅದರ ತೆನೆಯನ್ನು ಅಂಗಿಯ ತೋಳಿಗೆ ತಾಗಿಸಿದರೆ ಕಚ್ಚಿಕೊಂಡು ನಿಲ್ಲುತ್ತದೆ, ಏಕೆಂದರೆ ಅದರ ಕೂದಲಿನಂಥ ಮುಳ್ಳುಗಳು ಹಿಮ್ಮುಖವಾಗಿ ಬಾಗಿವೆ. ಚಿಕ್ಕ ಹಕ್ಕಿಯ ಪುಕ್ಕ ಅದಕ್ಕೆ ಅಂಟಿಕೊಂಡರೆ ಬಿಡಿಸಿಕೊಳ್ಳಲಾರದೆ ನೇತಾಡುತ್ತದೆ. ನವಣೆಯ ತೆನೆ ಹಾಗೆ ಬಟ್ಟೆಗೆ ಕಚ್ಚುವುದಿಲ್ಲ, ಈ ಪರೀಕ್ಷೆಯೊಂದೇ ಸಾಕು.

ಕಡೂರಿನ ನಿಮ್ಮ ಹೊಲದ ರಾಗಿ ತೆನೆಯನ್ನು ಮಾತ್ರ ಸಂತೋಷದಿಂದ ತನ್ನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ನವಣೆಯಲ್ಲಿ ಇರುವುದು ಸುಮಾರು 30 ಮಾತ್ರ. ಮೊಟ್ಟೆಯಿಡುವ ಹಕ್ಕಿಗೆ ಇದು ಸಣ್ಣ ಲಾಭವಲ್ಲ. ಕೆಲವು ಫಿಂಚ್‌ಗಳು ರಾಗಿಯನ್ನು ಮೊದಮೊದಲು ಮೂಸಿಯೂ ನೋಡುವುದಿಲ್ಲ, ನವಣೆಯ ತೆನೆಯ ಜೊತೆ ಕಟ್ಟಿಕೊಟ್ಟರೆ ನಿಧಾನವಾಗಿ ರೂಢಿಯಾಗುತ್ತದೆ. ಬೆಂಕಿ ರೋಗಕ್ಕೆ ಔಷಧಿ ಹೊಡೆದ ಹೊಲವೇ ಎಂದು ಮೊದಲು ವಿಚಾರಿಸಿ, ಕಾಳು ಕಪ್ಪಾಗಿ ಸೊರಗಿದ ತೆನೆಯನ್ನೂ ಕಾಡಿಗೆ ರೋಗದ ಕಪ್ಪು ಪುಡಿ ಕಂಡ ತೆನೆಯನ್ನೂ ಬಿಟ್ಟುಬಿಡಿ.

ಬಿತ್ತನೆಯ ಬೀಜಕ್ಕೆ ಮುಂದೆ ಅಂಗಡಿಗೆ ಹೋಗಬೇಕಾಗಿಲ್ಲ. ನವಣೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ ತಳಿ ಕೆಡುವುದಿಲ್ಲ. ಬೇಸಿಗೆಯ ಮಡಿಯಲ್ಲಿ ಚೆನ್ನಾಗಿ ತುಂಬಿದ ನಾಲ್ಕೈದು ತೆನೆಗಳನ್ನು ಪೂರ್ತಿ ಬಲಿಯಲು ಬಿಟ್ಟು, ಕೊಯ್ದು ಒಣಗಿಸಿ, ಅಂಗೈಯಲ್ಲಿ ಉಜ್ಜಿ ಹೊಟ್ಟು ತೂರಿ, ಸ್ವಲ್ಪ ಒಲೆಯ ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ತುಂಬಿಡಿ. ಒಂದು ಚದರ ಮೀಟರಿನ ಮಡಿಗೆ ಬೇಕಾಗುವುದು ಒಂದು ಗ್ರಾಮಿಗಿಂತ ಕಡಿಮೆ ಬೀಜ, ಆ ನಾಲ್ಕೈದು ತೆನೆ ಮುಂದಿನ ಮಖೆ ಮಳೆಯ ಬಿತ್ತನೆಗೆ ಆಗಿ ಮಿಗುತ್ತವೆ.